ಗುಡ್ಡ ಹತ್ತುವ ಚಕ್ರಕ್ಕೂ ಒಂದು ಗಡಿ

ಬೆಂಗಳೂರಿನಿಂದ ಹೆದ್ದಾರಿ 48ರಲ್ಲಿ ಬರುವವರಿಗೆ ಹಿರಿಯೂರು ದಾಟಿದ ಮೇಲೆ ಚಿತ್ರದುರ್ಗದ ಕೋಟೆಗಿಂತ ಮೊದಲು ಕಣ್ಣಿಗೆ ಬೀಳುವುದು ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಊರವರ ಬಾಯಲ್ಲಿ ಅವು ಫ್ಯಾನುಗಳು. ಒಂದು ಫ್ಯಾನು ನಿಲ್ಲಿಸಬೇಕಾದರೆ ಅದರ ರೆಕ್ಕೆ, ಕಂಬದ ತುಂಡುಗಳು, ಅವನ್ನು ಎತ್ತುವ ಕ್ರೇನು ಎಲ್ಲವೂ ಗುಡ್ಡದ ತುದಿ ಮುಟ್ಟಬೇಕು. ಅದಕ್ಕಾಗಿ ಗುಡ್ಡದ ಪಕ್ಕೆ ಕಡಿದು, ಲಾರಿ ತಿರುಗುವಷ್ಟು ಅಗಲದ ಮಣ್ಣುದಾರಿ ಮಾಡಿದರು. ಫ್ಯಾನು ನಿಂತಿತು, ಕ್ರೇನು ಇಳಿದು ಹೋಯಿತು, ದಾರಿ ಅಲ್ಲೇ ಉಳಿಯಿತು. ಮೊದಲು ಕುರಿ, ದನ ಮತ್ತು ಸೌದೆ ಹೊರೆಯವರು ಮಾತ್ರ ಹತ್ತುತ್ತಿದ್ದ ನೆತ್ತಿಗೆ ಈಗ ಯಾವ ಬೈಕಾದರೂ ಹತ್ತಬಹುದು.

ಹೊಸದುರ್ಗ, ಹೊಳಲ್ಕೆರೆ ಕಡೆ ಇದೇ ಕೆಲಸವನ್ನು ಗಣಿ ಮಾಡಿತು. ಕಬ್ಬಿಣದ ಅದಿರು, ಮ್ಯಾಂಗನೀಸ್ ಅಗೆಯಲು, ಜಲ್ಲಿ ಕ್ರಷರ್‌ಗೆ ಕಲ್ಲು ಸಾಗಿಸಲು ಮಾಡಿದ ದಾರಿಗಳು ಕೆಲಸ ನಿಂತ ಮೇಲೂ ಕೆಂಪು ಗೀರುಗಳಾಗಿ ಗುಡ್ಡದ ಮೈಮೇಲಿವೆ. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಆಫ್‌ರೋಡಿಂಗ್ ಎಂಬ ಹವ್ಯಾಸ ಯಾರೂ ಕರೆಯದೆ, ಯಾರೂ ಯೋಜಿಸದೆ ಬಂದು ಸೇರಿಕೊಂಡಿತು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಇನ್ನೂರು ಕಿಲೋಮೀಟರ್ ಚಿಲ್ಲರೆ. ಬೆಳಗಿನ ಜಾವ ಹೊರಟರೆ ತಿಂಡಿಯ ಹೊತ್ತಿಗೆ ಗುಡ್ಡದ ಬುಡ. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಬಂತು, 2023ರಲ್ಲಿ ಜಿಮ್ನಿ ಬಂತು, ಮಣ್ಣುದಾರಿಗೆಂದೇ ಮಾಡಿದ ಬೈಕುಗಳು ಮಧ್ಯಮ ವರ್ಗದ ಕೈಗೆ ಎಟುಕಿದವು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹರಿಸುವ ಗಾಡಿ ಒಂದು ಕಾಲಕ್ಕೆ ಕಾಫಿ ತೋಟದವರ ಮತ್ತು ಮಿಲಿಟರಿಯವರ ಸ್ವತ್ತಾಗಿತ್ತು. ಈಗ ಅದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವಾರವಿಡೀ ನಿಂತು ಶನಿವಾರಕ್ಕೆ ಕಾಯುತ್ತದೆ.

ಇದನ್ನು ಬರೀ ಸಿಟಿಯವರ ಕಾಟ ಎಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ. ನಮ್ಮೂರ ಹುಡುಗರೂ ಸೈಲೆನ್ಸರ್ ಬಿಚ್ಚಿದ ಬೈಕಿನಲ್ಲಿ ಗುಡ್ಡ ಹತ್ತಿಸುತ್ತಾರೆ, ಹತ್ತಿಸಿದ್ದನ್ನು ರೀಲ್ಸ್ ಮಾಡುತ್ತಾರೆ. ಕಡಿದಾದ ನೆಲದಲ್ಲಿ ಗಾಡಿಯನ್ನು ಹದವಾಗಿ ನಡೆಸುವುದರಲ್ಲಿ ನಿಜವಾದ ಕಸುಬುಗಾರಿಕೆ ಇದೆ. ಯಾವ ಚಕ್ರ ಎಲ್ಲಿ ಕೂರಬೇಕು, ಟಯರ್ ಗಾಳಿ ಎಷ್ಟು ಇಳಿಸಬೇಕು, ಕ್ಲಚ್ ಎಲ್ಲಿ ಬಿಡಬೇಕು ಎಂಬುದೆಲ್ಲ ಕಲಿತು ಬರುವ ವಿದ್ಯೆ. ಆ ವಿದ್ಯೆಯ ಮೇಲೆ ನನಗೆ ಗೌರವವಿದೆ. ನನ್ನ ತಕರಾರು ಇಷ್ಟೇ: ಈ ವಿದ್ಯೆ ಎಲ್ಲಿ ನಡೆಯಬಹುದು, ಎಲ್ಲಿ ಕೂಡದು ಎಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಗೆರೆ ಎಳೆದು ತೋರಿಸಿಲ್ಲ. ಗೆರೆಯಿಲ್ಲದ ಕಡೆ ಇಡೀ ಗುಡ್ಡವೇ ದಾರಿಯಾಗುತ್ತದೆ.

ಗಾಡಿ ಹತ್ತಿಸುವವರ ಕಣ್ಣಿಗೆ ಈ ನೆಲ ಖಾಲಿ ಕಾಣುತ್ತದೆ. ಸರ್ಕಾರಿ ಕಾಗದಕ್ಕೂ ಬಹಳ ಕಾಲ ಹಾಗೆಯೇ ಕಂಡಿದೆ. ದಾಖಲೆಯಲ್ಲಿ ಖರಾಬು ಅಥವಾ ಪಾಳು ಎಂದು ಬರೆದ ಮೇಲೆ ಅದರ ಮೇಲೆ ಏನು ಮಾಡಿದರೂ ನಷ್ಟವಿಲ್ಲ ಎಂಬ ಭಾವನೆ ತಾನಾಗಿ ಹುಟ್ಟುತ್ತದೆ. ಮಲೆನಾಡಿನ ಕಾಡಿಗೆ ಸಿಗುವ ಕನಿಕರ ಬಯಲುಸೀಮೆಯ ಕುರುಚಲಿಗೆ ಸಿಗುವುದಿಲ್ಲ. ಆದರೆ ಜೋಗಿಮಟ್ಟಿಯ ತಪ್ಪಲಿನಲ್ಲಿ ಮೊದಲ ಮಳೆಯ ನಂತರ ನಿಧಾನವಾಗಿ ನಡೆದು ನೋಡಿದವರಿಗೆ ಗೊತ್ತು, ಇಲ್ಲಿ ಖಾಲಿ ಜಾಗ ಎಂಬುದೇ ಇಲ್ಲ. ಬಾದೆಹುಲ್ಲಿನ ಬುಡದಲ್ಲಿ ಗೌಜಲಹಕ್ಕಿ, ಬುರ್ಲಿ. ಕಲ್ಲುಪುಡಿಯ ಬಯಲಲ್ಲಿ ಟಿಟ್ಟಿಭ ನೆಲದ ಮೇಲೆಯೇ, ಗೂಡು ಎಂದು ಹೇಳಲಾಗದ ಒಂದು ಸಣ್ಣ ತಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಸುತ್ತಲಿನ ಕಲ್ಲಿನದೇ ಬಣ್ಣ. ನರಿಯ ಕಣ್ಣಿಗೆ ಬೀಳದಿರಲಿ ಎಂದು ಬಂದ ಬಣ್ಣ ಅದು, ಟಯರಿನಿಂದ ಅದು ಕಾಪಾಡುವುದಿಲ್ಲ. ನೆಲಗುಬ್ಬಿ, ನತ್ತಿಂಗಗಳ ಪಾಡೂ ಇದೇ. ಇವುಗಳ ಮೊಟ್ಟೆ ಮರಿಗಳ ಕಾಲ ಬೇಸಿಗೆಯಿಂದ ಮುಂಗಾರಿನವರೆಗೆ ಹರಡಿದೆ. ಮಣ್ಣು ಹಸಿಯಾಗಿ, ಕೆಸರೆಬ್ಬಿಸುವ ಖುಷಿ ಹೆಚ್ಚಾಗಿ, ಗಾಡಿಗಳು ಜಾಸ್ತಿ ಬರುವ ತಿಂಗಳುಗಳೂ ಅದರಲ್ಲೇ ಬರುತ್ತವೆ.

ದೊಡ್ಡ ಪ್ರಾಣಿಗಳ ಹೆಸರು ಹೇಳಿದರೆ ಮಾತ್ರ ಕಿವಿಗೊಡುವವರಿಗೆ ಅವೂ ಇವೆ. ಜೋಗಿಮಟ್ಟಿ ಕಾಡಿನಲ್ಲಿ ಚಿರತೆ, ಕರಡಿ, ನವಿಲು ಧಾರಾಳ. ಸುಮಾರು 100 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡನ್ನು 2015ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಹಿರಿಯೂರಿಗೆ ತಾಗಿದ ಶಿರಾ ತಾಲ್ಲೂಕಿನಲ್ಲಿ 136 ಚದರ ಕಿಲೋಮೀಟರಿನ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮ 2019ರಲ್ಲಿ ಬಂತು. ಉತ್ತರಕ್ಕೆ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ. ಹೊಸದುರ್ಗದ ನೆರೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಭೂಪಟ ಬಿಡಿಸಿಟ್ಟು ನೋಡಿದರೆ ನಮ್ಮ ನಾಲ್ಕು ತಾಲ್ಲೂಕುಗಳು ಈ ತುಂಡು ತುಂಡು ಆಶ್ರಯಗಳ ನಡುವೆ ಕೂತಿವೆ. ಪ್ರಾಣಿಗಳು ಒಂದರಿಂದ ಇನ್ನೊಂದಕ್ಕೆ ದಾಟುವುದು ನಮ್ಮ ಗೋಮಾಳ, ಹಳ್ಳ, ಬಾರೆಗಳ ಮೂಲಕ, ಹೆಚ್ಚಾಗಿ ರಾತ್ರಿ ಹೊತ್ತು. ಗುಡ್ಡದ ಮೇಲೆ ಟೆಂಟು ಹೊಡೆದು, ಗಾಡಿಯ ನೆತ್ತಿಗೆ ಸಾಲು ದೀಪ ಕಟ್ಟಿಕೊಂಡು ನಡೆಸುವ ನೈಟ್ ಡ್ರೈವ್ ಅವುಗಳ ಈ ಒಂದೇ ಹೊತ್ತನ್ನೂ ಕಸಿಯುತ್ತದೆ.

ಮನುಷ್ಯರ ಲೆಕ್ಕ ಇನ್ನೂ ದೊಡ್ಡದು. ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳು, ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡರ ಹಟ್ಟಿಗಳು, ಊರೂರಿನ ಕುರಿಗಾಹಿಗಳು ಎಲ್ಲರ ಬದುಕೂ ಈ ಹುಲ್ಲಿನ ಮೇಲೆ ನಿಂತಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಶುರುವಾಗಿ, ಹೈದರ್–ಟಿಪ್ಪು ಕಾಲದಲ್ಲಿ ದಂಡಿನ ಸಾಮಾನು ಎಳೆಯುವ ಎತ್ತುಗಳ ತಳಿಗೆ ಹೆಸರಾದ ಅಮೃತ ಮಹಲ್ ಕಾವಲುಗಳು ಈ ಸೀಮೆಯ ಉದ್ದಕ್ಕೂ ಇದ್ದವು. ಒಂದೊಂದಾಗಿ ಕರಗಿದವು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣಾ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ, ವಿಜ್ಞಾನ ಸಂಸ್ಥೆಗೆ ಹೋಯಿತು. ಅದರ ಸುತ್ತ ಎತ್ತರದ ಗೋಡೆಗಳೆದ್ದಾಗ ಹಳ್ಳಿಯವರು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ದೇಶದ ದೊಡ್ಡ ಯೋಜನೆಗಳಿಗೆ ಅಷ್ಟು ನೆಲ ಬಿಟ್ಟುಕೊಟ್ಟ ಸೀಮೆಯಲ್ಲಿ ಉಳಿದ ಒಂದೊಂದು ಎಕರೆ ಹುಲ್ಲಿಗೂ ಬೆಲೆ ಏರಿದೆ. ವಾರಾಂತ್ಯದ ಒಂದು ಗುಂಪು ಒಂದು ಇಳಿಜಾರನ್ನು ಉತ್ತು ಹೋದರೆ ಆ ವರ್ಷ ಒಂದು ಮಂದೆಗೆ ಅಲ್ಲಿ ಮೇವಿಲ್ಲ. ಮೇವು ಹೋದದ್ದು ಯಾವ ಕಚೇರಿಯ ನಷ್ಟದ ಪಟ್ಟಿಗೂ ಸೇರುವುದಿಲ್ಲ.

ಚಕ್ರ ಮಣ್ಣಿಗೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಎಲ್ಲ ವಾದಗಳ ಬುಡ ಇರುವುದು ಅಲ್ಲೇ.

ಒಂದೂವರೆ ಟನ್ನಿಗೂ ಮೀರಿದ ಗಾಡಿ ಹುಲ್ಲುನೆಲದ ಮೇಲೆ ಹೋದಾಗ ಮಣ್ಣಿನ ಕಣಗಳ ನಡುವಿನ ಸಣ್ಣ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ನೀರು ಇಳಿಯುವುದು, ಬೇರು ಉಸಿರಾಡುವುದು ಆ ಸಂದುಗಳಲ್ಲಿ. ಸಾವಿರ ಗಾಡಿ ಹೋದರೆ ತಾನೇ ಹಾಳಾಗುವುದು, ಎರಡು ಹೋದರೆ ಏನಾಯಿತು ಎಂದು ಕೇಳುವವರಿದ್ದಾರೆ. ಮಣ್ಣಿನ ಲೆಕ್ಕ ಹಾಗಿಲ್ಲ. ಬಹುಪಾಲು ಅದುಮಿಕೆ ಮೊದಲ ಕೆಲವು ಸಲದಲ್ಲೇ ಆಗಿಬಿಡುತ್ತದೆ, ಆಮೇಲಿನ ಗಾಡಿಗಳು ಕೂಡಿಸುವುದು ಕಡಿಮೆ. ಆದ್ದರಿಂದ ನೂರು ಗಾಡಿಗಳು ಒಂದೇ ಜಾಡಿನಲ್ಲಿ ಹೋಗುವುದಕ್ಕಿಂತ ಹತ್ತು ಗಾಡಿಗಳು ಹತ್ತು ಕಡೆ ಹೋಗುವುದು ಹೆಚ್ಚು ಕೆಡುಕು. ಮಣ್ಣು ಹಸಿಯಿದ್ದಾಗ ಅದುಮಿಕೆ ಆಳಕ್ಕಿಳಿಯುತ್ತದೆ. ಒಣಗಿದ್ದಾಗ ಮೇಲ್ಪದರ ಪುಡಿಯಾಗಿ ಗಾಳಿಗೆ ಹಾರುತ್ತದೆ, ನಮ್ಮಲ್ಲಂತೂ ಗಾಳಿಗೆ ಬರವಿಲ್ಲ, ಅದಕ್ಕೇ ಫ್ಯಾನು ಬಂದದ್ದು. ಒಣ ಸೀಮೆಯ ಮಣ್ಣಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪಾಚಿ, ಕಲ್ಲುಹೂವುಗಳು ಹೆಣೆದ ತೆಳುವಾದ ಹೆಪ್ಪು ಇರುತ್ತದೆ. ಮಣ್ಣನ್ನು ಹಿಡಿದಿಡುವುದು, ಸಾರಜನಕ ಸೇರಿಸುವುದು ಅದರ ಕೆಲಸ. ಒಮ್ಮೆ ಒಡೆದರೆ ಅದು ಮತ್ತೆ ಕೂಡಲು ವರ್ಷಗಟ್ಟಲೆ ಬೇಕು.

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಎರಡನೆಯ ಮಹಾಯುದ್ಧದ ತಾಲೀಮಿಗೆಂದು 1940ರ ದಶಕದಲ್ಲಿ ಓಡಿಸಿದ ಟ್ಯಾಂಕುಗಳ ಗುರುತು ಇಂದಿಗೂ ನೆಲದ ಮೇಲಿದೆ. ನಮ್ಮದು ಅಷ್ಟು ಒಣಗಿದ ನೆಲವಲ್ಲ, ಮಳೆ ಬಂದರೆ ಹಸಿರು ಮರಳುತ್ತದೆ. ಆದರೆ ಮಳೆಯೇ ಇಲ್ಲಿ ಇನ್ನೊಂದು ಕಾಟ ಕೊಡುತ್ತದೆ. ಚಿತ್ರದುರ್ಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು, ಹಿರಿಯೂರು ಕಡೆ ಅದಕ್ಕೂ ಕಡಿಮೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನ ಕೆಲವೇ ಜೋರು ಮಳೆಗಳಲ್ಲಿ ಸುರಿದುಹೋಗುತ್ತದೆ. ಇಳಿಜಾರಿನಲ್ಲಿ ನೆಟ್ಟಗೆ ಮೇಲಕ್ಕೆ ಹತ್ತಿಸಿದ ಗಾಡಿಯ ಎರಡು ಗೀರುಗಳು ಅಂಥ ಒಂದು ಮಳೆಗೆ ಎರಡು ಕಾಲುವೆಗಳಾಗುತ್ತವೆ, ಮರುವರ್ಷಕ್ಕೆ ಮೊಳಕಾಲುದ್ದದ ಕೊರಕಲು. ಕೊರಕಲು ಬಿದ್ದ ಕಡೆ ಮುಂದಿನ ಗಾಡಿ ಹೋಗಲಾರದು, ಪಕ್ಕದ ಹುಲ್ಲಿಗೆ ಇಳಿಯುತ್ತದೆ. ಹೀಗೆ ಒಂದು ಜಾಡು ನಾಲ್ಕಾಗಿ ಹೆಣೆದುಕೊಂಡು ಅಗಲವಾಗುತ್ತದೆ. ಕೊಚ್ಚಿದ ಮಣ್ಣು ಹಳ್ಳ ಹಿಡಿದು ಚೆಕ್‌ಡ್ಯಾಂ ತುಂಬುತ್ತದೆ, ಅಲ್ಲಿಂದ ಕೆರೆಗೆ ಇಳಿಯುತ್ತದೆ. ಜಲಾನಯನ ಯೋಜನೆಗಳ ದುಡ್ಡಿನಲ್ಲಿ ಹಾಕಿದ ಬದುಗಳು, ಉದ್ಯೋಗ ಖಾತ್ರಿಯಲ್ಲಿ ಊರವರು ತೆಗೆದ ಹೂಳು, ಇವುಗಳ ಜೊತೆ ಇಟ್ಟು ನೋಡಿದರೆ ಆ ಎರಡು ಗೀರುಗಳ ನಿಜವಾದ ಖರ್ಚು ಗೊತ್ತಾಗುತ್ತದೆ. ಭೀಮಸಮುದ್ರದ ಅಡಿಕೆ ಬೆಳೆಗಾರರಿಗೆ ಅದಿರು ಲಾರಿಗಳ ಧೂಳು ಏನು ಮಾಡಿತೆಂದು ಕೇಳಿದವರಿಗೆ ಮಣ್ಣುದಾರಿಯ ಧೂಳಿನ ಮಾತು ಹೊಸದಲ್ಲ.

ಬೆಂಕಿಯ ಭಯ ಬೇರೆ. ಜನವರಿಯಿಂದ ಏಪ್ರಿಲ್‌ವರೆಗೆ ಬಾದೆಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತದೆ. ಕಾದ ಸೈಲೆನ್ಸರ್ ಪೈಪು ಅದರ ನಡುವೆ ನಿಂತರೆ ಸಾಕು.

ಹಾಗಾದರೆ ಕಾನೂನು ಇಲ್ಲವೇ? ಇದೆ, ಬೇಕಾದಷ್ಟಿದೆ. ಮೀಸಲು ಅರಣ್ಯದಲ್ಲಿ ಏನೇನು ಕೂಡದು ಎಂಬುದನ್ನು 1963ರ ಕರ್ನಾಟಕ ಅರಣ್ಯ ಕಾಯಿದೆಯ 24ನೇ ಕಲಂ ಹೇಳುತ್ತದೆ. ವನ್ಯಧಾಮದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೇ ಕಲಂ, ಆವಾಸದ ನಾಶವನ್ನು 29ನೇ ಕಲಂ ತಡೆಯುತ್ತವೆ. 2022ರ ತಿದ್ದುಪಡಿಯ ನಂತರ ಆ ಕಾಯಿದೆಯ ಸಾಮಾನ್ಯ ದಂಡದ ಮಿತಿ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ. ಸಾರ್ವಜನಿಕ ಸ್ಥಳದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರೇಸು ನಡೆಸಿದರೆ ಮೋಟಾರು ವಾಹನ ಕಾಯಿದೆಯ 189ನೇ ಕಲಂ ಇದೆ. ಗಾಡಿಯ ರೂಪವನ್ನೇ ಬದಲಿಸಿದರೆ 52ನೇ ಕಲಂ.

ಕಷ್ಟ ಇರುವುದು ಕಲಂಗಳ ನಡುವಿನ ಜಾಗದಲ್ಲಿ. ಒಂದೇ ಗುಡ್ಡವನ್ನು ತೆಗೆದುಕೊಳ್ಳಿ. ನೆತ್ತಿ ಮೀಸಲು ಅರಣ್ಯ, ಅದರೊಳಗೆ ಫ್ಯಾನು ಕಂಪನಿಗೆ ಗುತ್ತಿಗೆ ಕೊಟ್ಟ ಪಟ್ಟಿ. ಪಕ್ಕೆಯಲ್ಲಿ ಕಂದಾಯ ಇಲಾಖೆಯ ಗೋಮಾಳ. ಇನ್ನೊಂದು ಬದಿಗೆ ಗಣಿ ಇಲಾಖೆ ಗುತ್ತಿಗೆ ಕೊಟ್ಟ ಕ್ವಾರಿ. ಕೆಳಗೆ ಗ್ರಾಮ ಪಂಚಾಯಿತಿಯ ಕೆರೆ, ಅದರಾಚೆ ಪಶುಪಾಲನಾ ಇಲಾಖೆಯ ಕಾವಲು. ಒಬ್ಬ ಅರಣ್ಯ ಗಾರ್ಡ್ ಗಾಡಿಯನ್ನು ತಡೆದರೆ ಚಾಲಕ ಇಪ್ಪತ್ತು ಮಾರು ಕೆಳಗಿಳಿದು ಗೋಮಾಳದಲ್ಲಿ ನಿಂತು ಇದು ನಿಮ್ಮದಲ್ಲ ಎನ್ನಬಹುದು, ಅವನ ಮಾತು ನಿಜವೂ ಆಗಿರುತ್ತದೆ. ಗೋಮಾಳ ಕಾಯಲು ತಹಶೀಲ್ದಾರರ ಬಳಿ ವಾಚರ್ ಇಲ್ಲ. ಗ್ರಾಮ ಆಡಳಿತಾಧಿಕಾರಿಗೆ ಪಹಣಿ, ಪಿಂಚಣಿ, ಬೆಳೆ ಸಮೀಕ್ಷೆಯ ನಡುವೆ ಭಾನುವಾರ ಗುಡ್ಡ ಕಾಯುವುದು ಆಗದ ಮಾತು. ಪೊಲೀಸರು ಬರುವುದು ಯಾರಾದರೂ ಬಿದ್ದು ಕಾಲು ಮುರಿದುಕೊಂಡ ಮೇಲೆ.

ಘಟನೆ ನಡೆದ ಮೇಲೆ ಹಾಕುವ ದಂಡ ಎಷ್ಟು ನಾಟುತ್ತದೆ ಎಂಬುದಕ್ಕೆ ಹಿಮಾಚಲದ ಒಂದು ಉದಾಹರಣೆ ಸಾಕು. 2023ರ ಡಿಸೆಂಬರ್‌ನಲ್ಲಿ ಲಾಹೌಲಿನಲ್ಲಿ ಟ್ರಾಫಿಕ್ ತಪ್ಪಿಸಲು ಒಬ್ಬರು ಚಂದ್ರಾ ನದಿಯೊಳಗೇ ಥಾರ್ ಓಡಿಸಿದರು. ವಿಡಿಯೊ ದೇಶವೆಲ್ಲ ಸುತ್ತಿತು, ಬಿದ್ದ ದಂಡ 3,500 ರೂಪಾಯಿ. ನದಿ ದಾಟಿದ ಖ್ಯಾತಿಯ ಮುಂದೆ ಅದು ಟೋಲ್ ಕಟ್ಟಿದ ಹಾಗೆ. ಪೂರ್ತಿ ನಿಷೇಧವೂ ಸುಲಭದ ದಾರಿಯಲ್ಲ. ಕೇರಳದ ಇಡುಕ್ಕಿಯಲ್ಲಿ ಅಪಘಾತಗಳ ನಂತರ 2025ರ ಜುಲೈನಲ್ಲಿ ಜಿಲ್ಲಾಡಳಿತ ಜೀಪ್ ಸಫಾರಿಗಳನ್ನು ನಿಲ್ಲಿಸಿದಾಗ ಅದನ್ನೇ ನಂಬಿದ್ದ ಜೀಪ್ ಚಾಲಕರ ಅನ್ನದ ಪ್ರಶ್ನೆ ಕೂಡಲೇ ಎದುರಾಯಿತು. ನಮ್ಮ ಮಡಿಕೇರಿ ಹತ್ತಿರದ ಮಾಂದಲಪಟ್ಟಿಯಲ್ಲೂ ಪ್ರವಾಸಿಗರನ್ನು ಮೇಲಕ್ಕೆ ಕರೆದೊಯ್ಯುವುದು ಸ್ಥಳೀಯರ ಬಾಡಿಗೆ ಜೀಪುಗಳೇ. ಚಿತ್ರದುರ್ಗದಲ್ಲಿ ಅಂಥ ಉದ್ಯೋಗ ಇನ್ನೂ ಬೇರೂರಿಲ್ಲ. ಹಾಗಾಗಿ ಈಗಲೇ ನಿಯಮ ಮಾಡಿದರೆ ಯಾರ ಅನ್ನವನ್ನೂ ಕಸಿಯದೆ ಮಾಡಬಹುದು, ಐದು ವರ್ಷ ತಡವಾದರೆ ಆ ಅವಕಾಶ ಇರುವುದಿಲ್ಲ.

ಅಮೆರಿಕದವರು ಈ ಜಗಳವನ್ನು ನಮಗಿಂತ ಅರ್ಧ ಶತಮಾನ ಮೊದಲು ಆಡಿದ್ದಾರೆ. 1972ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ, ಸರ್ಕಾರಿ ನೆಲದಲ್ಲಿ ಇಂಥ ಗಾಡಿಗಳಿಗೆ ತೆರೆದ ಜಾಗ ಯಾವುದು, ಮುಚ್ಚಿದ್ದು ಯಾವುದು ಎಂದು ಗುರುತಿಸಲೇಬೇಕೆಂದು ಎಲ್ಲ ಇಲಾಖೆಗಳಿಗೆ ಹೇಳಿತು. ಗುರುತಿಸುವಾಗ ಮಣ್ಣು, ನೀರು, ವನ್ಯಜೀವಿ ಮತ್ತು ಅದೇ ನೆಲ ಬಳಸುವ ಬೇರೆ ಜನರಿಗೆ ಆಗುವ ತೊಂದರೆ ಆದಷ್ಟೂ ಕಡಿಮೆ ಇರಬೇಕೆಂದೂ ಹೇಳಿತು. ಆದೇಶ ಬಂದರೂ ದಶಕಗಳ ಕಾಲ ಜಾರಿ ಕುಂಟಿತು. 2005ರಲ್ಲಿ ಅಲ್ಲಿನ ಅರಣ್ಯ ಸೇವೆ ಒಂದು ಸರಳ ಸೂತ್ರಕ್ಕೆ ಬಂತು: ಪ್ರತಿಯೊಂದು ರಾಷ್ಟ್ರೀಯ ಅರಣ್ಯವೂ ವಾಹನ ಓಡಿಸಬಹುದಾದ ದಾರಿಗಳ ನಕ್ಷೆ ಪ್ರಕಟಿಸಬೇಕು, ನಕ್ಷೆಯಲ್ಲಿ ಇಲ್ಲದ ದಾರಿ ಮುಚ್ಚಿದ ದಾರಿ. ನಿಷೇಧದ ಫಲಕ ಇರಲಿಲ್ಲ, ನನಗೆ ಗೊತ್ತಿರಲಿಲ್ಲ ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು. ಐಸ್‌ಲ್ಯಾಂಡ್ ಇನ್ನೂ ಖಡಾಖಂಡಿತ. ಜ್ವಾಲಾಮುಖಿಯ ಬೂದಿಮಣ್ಣು, ಹಾಸಿದಂಥ ಪಾಚಿ ಇರುವ ಆ ದೇಶದಲ್ಲಿ ದಾರಿ ಬಿಟ್ಟು ಚಕ್ರ ಇಳಿಸುವುದೇ ಅಪರಾಧ.

ನನಗೆ ಹೆಚ್ಚು ಹಿಡಿಸಿದ್ದು ಕ್ಯಾಲಿಫೋರ್ನಿಯಾದವರ ದಾರಿ. 1971ರಲ್ಲೇ ಅವರು ಇದಕ್ಕೊಂದು ಪ್ರತ್ಯೇಕ ಕಾನೂನು ಮಾಡಿ, ರಸ್ತೆಗಿಳಿಯದ ಗಾಡಿಗಳಿಗೂ ನೋಂದಣಿ ಕಡ್ಡಾಯ ಮಾಡಿದರು. ನೋಂದಣಿ ಶುಲ್ಕ, ಆ ಗಾಡಿಗಳು ಸುಡುವ ಇಂಧನದ ತೆರಿಗೆಯ ಪಾಲು ಒಂದು ನಿಧಿಗೆ ಹೋಗುತ್ತದೆ. ಆ ನಿಧಿಯಿಂದ ಗಾಡಿ ಓಡಿಸಲೆಂದೇ ಇರುವ ರಾಜ್ಯ ಉದ್ಯಾನಗಳು ನಡೆಯುತ್ತವೆ, ಕೆಟ್ಟ ಇಳಿಜಾರುಗಳ ರಿಪೇರಿಯೂ ನಡೆಯುತ್ತದೆ. 1975ರಲ್ಲಿ ಹಾಲಿಸ್ಟರ್ ಹಿಲ್ಸ್‌ನಲ್ಲಿ ಅಂಥ ಮೊದಲ ಜಾಗ ಶುರುವಾಯಿತು. ಆಟವಾಡುವವನೇ ಅಂಗಳದ ಖರ್ಚು ಹೊರಬೇಕು ಎಂಬುದು ನ್ಯಾಯವಾದ ಮಾತು.

ಹೊರದೇಶವೇ ಬೇಕೆಂದಿಲ್ಲ, ನಮ್ಮ ರಾಜ್ಯದಲ್ಲೇ ಎರಡು ಪಾಠಗಳಿವೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಸರ್ಕಾರ ಎಚ್ಚೆತ್ತು ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತಂದಿತು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ, ದತ್ತಪೀಠದ ದಾರಿಗೂ ವಾಹನಗಳ ಮುಂಗಡ ನೋಂದಣಿ ಬಂತು, ಪಾಳಿಗಿಷ್ಟು ಗಾಡಿ ಎಂಬ ಲೆಕ್ಕದಲ್ಲಿ. ನಡೆಯುವ ಕಾಲಿಗೂ, ಡಾಂಬರಿನ ಮೇಲಿನ ಕಾರಿಗೂ ಮಿತಿ ಇಡಬಹುದಾದರೆ ಹುಲ್ಲಿನ ಮೇಲೆ ಹತ್ತುವ ಜೀಪಿಗೆ ಇಡಲು ಏನು ಅಡ್ಡಿ? ಚಾರಣಕ್ಕೆಂದು ಮಾಡಿದ ಬುಕಿಂಗ್ ವ್ಯವಸ್ಥೆಯಲ್ಲೇ ಇನ್ನೊಂದು ಕಿಟಕಿ ತೆರೆಯಬಹುದು.

ಮೋಟಾರ್ ಸ್ಪೋರ್ಟ್ ಲೋಕದಲ್ಲಿ ಶಿಸ್ತು ಹೊಸದೂ ಅಲ್ಲ. ದಕ್ಷಿಣ್ ಡೇರ್‌ನಂಥ ರ್‍ಯಾಲಿಗಳು ಬೆಂಗಳೂರಿನಿಂದ ಹೊರಟು ಚಿತ್ರದುರ್ಗದ ಮಣ್ಣುದಾರಿಗಳನ್ನು ಹಾದುಹೋದದ್ದಿದೆ. ಅಂಥ ಅಧಿಕೃತ ಸ್ಪರ್ಧೆಗೆ ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಪರವಾನಗಿ ಬೇಕು, ಜಿಲ್ಲಾಡಳಿತದ ಒಪ್ಪಿಗೆ ಬೇಕು. ದಾರಿ ಮೊದಲೇ ಗೊತ್ತಾಗಿರಬೇಕು, ಆ ಹೊತ್ತಿಗೆ ದಾರಿ ಮುಚ್ಚಿರಬೇಕು, ಆಂಬುಲೆನ್ಸ್ ನಿಂತಿರಬೇಕು. ಕೊಡಗಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುತ್ತದೆ, ನೆಲದ ಯಜಮಾನನ ಒಪ್ಪಿಗೆಯಿಂದ, ಊರ ಜನರ ಮುಂದೆ. ಹೇಳದೆ ಕೇಳದೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲೊಕೇಶನ್ ಹಂಚಿಕೊಂಡು ಬರುವ ಇಪ್ಪತ್ತು ಗಾಡಿಗಳಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಶಿಸ್ತಿನ ಕ್ಲಬ್‌ಗಳವರೇ ಈ ಗುಂಪುಗಳನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ಕೆಟ್ಟ ಹೆಸರು ಎಲ್ಲರಿಗೂ ಹತ್ತುತ್ತದಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬರೋಣ. ಚಿತ್ರದುರ್ಗ ತಾಲ್ಲೂಕಿನಲ್ಲಿ ಉತ್ತರ ಸುಲಭ. ಜೋಗಿಮಟ್ಟಿ ವನ್ಯಧಾಮ, ಆಡುಮಲ್ಲೇಶ್ವರದ ಸುತ್ತಲಿನ ಕಾಡು, ಮಯೂರವರ್ಮನ ಶಾಸನವಿರುವ ಚಂದ್ರವಳ್ಳಿಯ ಕಣಿವೆ, ಕೋಟೆಯ ಬೆನ್ನಿನ ಬಂಡೆಗಳು, ಇವೆಲ್ಲ ಹವ್ಯಾಸದ ಗಾಡಿಗಳಿಗೆ ಪೂರ್ತಿ ಮುಚ್ಚಿದ ನೆಲ ಎಂದು ಸಾರಬೇಕು, ಚರ್ಚೆಗೆ ಜಾಗವಿಲ್ಲ. ಫ್ಯಾನುಗಳ ಸರ್ವಿಸ್ ರಸ್ತೆಗಳ ಬುಡಕ್ಕೆ ಗೇಟು ಹಾಕುವುದು ಗುತ್ತಿಗೆ ಪಡೆದ ಕಂಪನಿಗಳ ಹೊಣೆಯಾಗಬೇಕು. ದಾರಿ ಮಾಡಿದವರೇ ಅದರ ಬಾಗಿಲು ಕಾಯಲಿ. ಅರಣ್ಯ ಇಲಾಖೆ ಗುತ್ತಿಗೆ ನವೀಕರಿಸುವಾಗ ಒಂದು ಷರತ್ತು ಸೇರಿಸಿದರೆ ಇದಕ್ಕೆ ಬೇರೆ ಕಾನೂನೇ ಬೇಡ.

ಹಿರಿಯೂರು ಮತ್ತು ಹೊಸದುರ್ಗದ ನಡುವೆ ಇರುವುದು ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ಈ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮೂರನೇ ಸಲ ತುಂಬಿ ಹರಿದಾಗ ಜಾತ್ರೆಯ ಹಾಗೆ ಜನ ಸೇರಿದರು. ಅಣೆಕಟ್ಟು ಹಿರಿಯೂರು ತಾಲ್ಲೂಕಿನದು, ಹಿನ್ನೀರು ಚಾಚಿರುವುದು ಹೊಸದುರ್ಗದ ಕಡೆ. ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ವಿಶಾಲವಾದ ಹಿನ್ನೀರ ಅಂಗಳ ಜೀಪು ಓಡಿಸುವವರ ಕಣ್ಣಿಗೆ ಸಿದ್ಧ ಮೈದಾನ. ಅದೇ ಅಂಗಳ ನೀರಹಕ್ಕಿಗಳ ಮೇವಿನ ತಾಣ, ದನಗಳು ನೀರಿಗಿಳಿಯುವ ಜಾಗ. ಸೋರಿದ ಎಣ್ಣೆ, ಬಿಸಾಡಿದ ಬಾಟಲಿ ಎರಡೂ ಕೊನೆಗೆ ಸೇರುವುದು ಚಿತ್ರದುರ್ಗ, ಹಿರಿಯೂರುಗಳ ಕುಡಿಯುವ ನೀರಿಗೆ. ಹಾಗಾಗಿ ಹಿನ್ನೀರ ಅಂಚಿನಿಂದ ಇಂತಿಷ್ಟು ದೂರ ಚಕ್ರ ಇಳಿಯಕೂಡದು ಎಂದು ಜಲಸಂಪನ್ಮೂಲ ಇಲಾಖೆ ಕಲ್ಲು ನೆಡಬೇಕು. ನೋಡಲು ಬರುವವರಿಗೆ ಎರಡು ಮೂರು ಕಡೆ ಪಾರ್ಕಿಂಗ್ ಮಾಡಿ, ಅಲ್ಲಿಂದಾಚೆ ನಡಿಗೆ ಎಂದರೆ ಯಾರೂ ಬೇಸರ ಪಡುವುದಿಲ್ಲ.

ಇಲ್ಲ ಎನ್ನುವುದರ ಜೊತೆಗೆ ಇಲ್ಲಿ ಬನ್ನಿ ಎನ್ನುವ ಜಾಗವೂ ಬೇಕು, ಇಲ್ಲದಿದ್ದರೆ ಮುಚ್ಚಿದ ಗೇಟಿನ ಪಕ್ಕ ಹೊಸ ಜಾಡು ಬೀಳುತ್ತದೆ. ನನ್ನ ಲೆಕ್ಕದಲ್ಲಿ ಅದು ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸತ್ತ ಕ್ವಾರಿಗಳು, ಅಗೆದು ಬಿಟ್ಟ ನೆಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ತುಮಕೂರು, ಚಿತ್ರದುರ್ಗಗಳ ಕಬ್ಬಿಣದ ಗಣಿಗಾರಿಕೆಯನ್ನೂ ನಿಲ್ಲಿಸಿತು. ಆಮೇಲೆ ಗಣಿ ಬಾಧಿತ ನೆಲದ ಪುನಶ್ಚೇತನಕ್ಕೆಂದೇ ನಿಗಮ ಬಂತು, ಅದರ ವ್ಯಾಪ್ತಿಯಲ್ಲಿ ನಮ್ಮ ಜಿಲ್ಲೆಯೂ ಇದೆ. ಮತ್ತೆ ಕಾಡಾಗಿ ಬೆಳೆಸಬಹುದಾದ ಗಣಿನೆಲವನ್ನು ಕಾಡಾಗಿಯೇ ಬೆಳೆಸಬೇಕು, ಅದನ್ನು ಜೀಪಿಗೆ ಕೊಡುವುದು ತಪ್ಪು. ಆದರೆ ಮಣ್ಣೇ ಉಳಿಯದ, ಬರೀ ಬಂಡೆ ಮತ್ತು ಜಲ್ಲಿಯ ಕೆಲವು ಕ್ವಾರಿಗಳಿವೆ. ಅಲ್ಲಿ ಚಕ್ರ ಹಾಳು ಮಾಡುವಂಥದ್ದು ಹೆಚ್ಚೇನೂ ಇಲ್ಲ, ಚಾಲಕನ ಕೈಚಳಕಕ್ಕೆ ಬೇಕಾದ ಏರು, ತಗ್ಗು, ಕಲ್ಲು ಎಲ್ಲ ಇದೆ. ನೀರು ನಿಂತ ಆಳದ ಗುಂಡಿಗಳಿಗೆ ಬೇಲಿ, ಕುಸಿಯುವ ಅಂಚುಗಳಿಗೆ ತಡೆ, ಒಳಗೊಂದು ಹೊರಗೊಂದು ದಾರಿ, ಮೊದಲ ಚಿಕಿತ್ಸೆಗೆ ಜನ, ಇಷ್ಟನ್ನು ಮಾಡಿಯೇ ತೆರೆಯಬೇಕು.

ಇದರ ಜೊತೆಗೆ ಬೆಳೆಯಿಲ್ಲದ ತಿಂಗಳುಗಳಲ್ಲಿ ಪಾಳು ಬಿಟ್ಟ ಖಾಸಗಿ ಹೊಲಗಳೂ ಇವೆ. ಮಳೆ ಕೈಕೊಟ್ಟ ವರ್ಷ ಬಾಡಿಗೆಗೆ ಹೊಲ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುವ ಹಕ್ಕು ರೈತನಿಗಿದೆ. ಪಕ್ಕದ ಹೊಲದವನ ಬದು ಮುರಿಯಬಾರದು, ದನಗಳ ದಾರಿ ಕಟ್ಟಬಾರದು ಎಂಬ ಷರತ್ತನ್ನು ಪಂಚಾಯಿತಿ ಹಾಕಲಿ.

ಯಾವ ಜಾಗ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದನ್ನು ಚಿತ್ರದುರ್ಗದ ಕಚೇರಿಯಲ್ಲಿ ಕುಳಿತು ತೀರ್ಮಾನಿಸಿದರೆ ಮತ್ತೊಮ್ಮೆ ಕಾವಲುಗಳಿಗೆ ಆದದ್ದೇ ಆಗುತ್ತದೆ. ಕುರಿ ಎಲ್ಲಿ ಮೇಯುತ್ತದೆ, ದೇವರ ಎತ್ತುಗಳು ಯಾವ ತಿಂಗಳು ಯಾವ ಗುಡ್ಡದಲ್ಲಿರುತ್ತವೆ, ಕರಡಿ ಯಾವ ಹಳ್ಳ ಹಿಡಿದು ಬರುತ್ತದೆ ಎಂಬುದು ಹಟ್ಟಿಯವರಿಗೆ ಗೊತ್ತು. ಅವರು ಗ್ರಾಮಸಭೆಯಲ್ಲಿ ಒಪ್ಪಿದ ಮೇಲೆಯೇ ನಕ್ಷೆಗೆ ಶಾಯಿ ಬೀಳಬೇಕು. ಶುಲ್ಕದ ಅರ್ಧದಷ್ಟಾದರೂ ಅದೇ ಪಂಚಾಯಿತಿಯಲ್ಲಿ ಉಳಿಯಬೇಕು. ಗೇಟಿನಲ್ಲಿ ನಿಲ್ಲುವವರು, ಮುಂದೆ ದಾರಿ ತೋರುವವರು, ಮಳೆಯ ನಂತರ ಕೊರಕಲಿಗೆ ಕಲ್ಲು ತುಂಬುವವರು ಆ ಊರಿನವರೇ ಆಗಬೇಕು. ಗಾಡಿ ಹತ್ತಿಸಲು ಹಂಬಲಿಸುವ ನಮ್ಮೂರ ಹುಡುಗರಲ್ಲಿ ಕೆಲವರಿಗೆ ಆ ಕೆಲಸ ಸಿಕ್ಕರೆ ಕಾವಲಿನವರ ಕೊರತೆಯೂ ಒಂದಿಷ್ಟು ನೀಗುತ್ತದೆ.

ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಅರಣ್ಯ ಇಲಾಖೆಯ ಡಿಎಫ್‌ಒ, ಗಣಿ ಮತ್ತು ಜಲಸಂಪನ್ಮೂಲ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂತು ಮಾಡಬೇಕಾದ ಮೊದಲ ಕೆಲಸ ದೊಡ್ಡದೇನಲ್ಲ. ಮೀಸಲು ಅರಣ್ಯದ ಗಡಿ, ಗೋಮಾಳದ ಸರ್ವೆ ನಂಬರು, ಕ್ವಾರಿ ಗುತ್ತಿಗೆಯ ಪಟ್ಟಿ, ಫ್ಯಾನು ರಸ್ತೆಗಳ ನಕ್ಷೆ, ಇವೆಲ್ಲ ಬೇರೆ ಬೇರೆ ಕಪಾಟುಗಳಲ್ಲಿ ಆಗಲೇ ಇವೆ. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು, ಕನ್ನಡದಲ್ಲಿ ಒಂದು ಹಾಳೆಯ ನಕ್ಷೆ ಮಾಡಿ, ಹಿರಿಯೂರಿನ ಟೋಲ್‌ಗೇಟಿನಲ್ಲಿ, ಪೆಟ್ರೋಲ್ ಬಂಕುಗಳಲ್ಲಿ, ನಾಲ್ಕೂ ತಾಲ್ಲೂಕು ಕಚೇರಿಗಳ ಗೋಡೆಯ ಮೇಲೆ ಅಂಟಿಸಬೇಕು. ಅಕ್ಟೋಬರ್ ಮಳೆ ನಿಂತು ಬಾದೆಹುಲ್ಲು ಒಣಗುವ ಮೊದಲು ಇದಾಗಬೇಕು. ಅರಣ್ಯ ಇಲಾಖೆ ಬೆಂಕಿರೇಖೆ ಸವರಲು ಜನ ಹಾಕುವುದು ಆ ಹೊತ್ತಿಗೇ. ಮುಚ್ಚಿದ ದಾರಿಗಳ ಬುಡಕ್ಕೆ ಕಂದಕ ತೋಡುವ ಕೆಲಸವನ್ನೂ ಅದರ ಜೊತೆಯಲ್ಲೇ ಮುಗಿಸಬಹುದು.